ಆಸಿಡ್ ಟೆಸ್ಟ್ ಕೊನೆಯ ಪರೀಕ್ಷೆಯಲ್ಲ

ಚುನಾವಣೆ ಹತ್ತಿರ ಬಂದರೆ ಸಾಕು, ಟಿವಿಯವರು ಯಾರಿಗಾದರೂ ಒಂದು ‘ಆಸಿಡ್ ಟೆಸ್ಟ್’ ಇಟ್ಟೇ ಇಡುತ್ತಾರೆ. ಪತ್ರಿಕೆಗಳಲ್ಲಿ ಅದೇ ‘ಅಗ್ನಿಪರೀಕ್ಷೆ’ ಆಗುತ್ತದೆ. ಗೆದ್ದರೆ ಗೆದ್ದ, ಸೋತರೆ ಕಥೆ ಮುಗಿಯಿತು ಅನ್ನುವ ಧಾಟಿ. ಶಿವಮೊಗ್ಗದಲ್ಲಿ ಬ್ಯಾಂಕಿನ ಸಾಲ ವಿಭಾಗದಲ್ಲಿ ಕೂರುವ ನನಗೆ ಇದನ್ನು ಕೇಳಿದಾಗ ನಗು ಬರುತ್ತದೆ. ನಿಜವಾದ ಆಸಿಡ್ ಟೆಸ್ಟ್ ನಮ್ಮಲ್ಲಿ ದಿನಾ ನಡೆಯುತ್ತದೆ. ಅದು ಕೆಲವೇ ನಿಮಿಷದ ಕೆಲಸ, ಅದೂ ಮೊದಲ ಹಂತದ್ದು.

ಮಳೆಗಾಲ ಶುರುವಾಗಿ ಅಡಿಕೆ ತೋಟಕ್ಕೆ ಬೋರ್ಡೋ ಔಷಧಿ ಹೊಡೆಸುವ ಹೊತ್ತಿಗೆ ಒಡವೆ ಅಡ ಇಡಲು ಬರುವವರು ಜಾಸ್ತಿ. ಬಳೆಯೊಂದು ಬಂತು ಅಂದುಕೊಳ್ಳಿ. ಒಡವೆ ಪರೀಕ್ಷಿಸುವ ಅಪ್ರೈಸರ್ ಅದನ್ನು ಕಪ್ಪು ಒರೆಗಲ್ಲಿನ ಮೇಲೆ ಉಜ್ಜುತ್ತಾರೆ. ಹಳದಿ ಗೀಟು ಮೂಡುತ್ತದೆ. ಶುದ್ಧತೆ ಗೊತ್ತಿರುವ ಚಿನ್ನದ ಕಡ್ಡಿಯಿಂದ ಪಕ್ಕದಲ್ಲೇ ಇನ್ನೊಂದು ಗೀಟು. ಮೇಲೆ ಒಂದು ಹನಿ ನೈಟ್ರಿಕ್ ಆಸಿಡ್. ಹಿತ್ತಾಳೆಯಾದರೆ ಗೀಟು ಕರಗಿ ಮಾಯ. ತಾಮ್ರ, ಬೆಳ್ಳಿ ಕೂಡ ಈ ಆಸಿಡ್‌ಗೆ ಕರಗುತ್ತವೆ, ಚಿನ್ನ ಜಗ್ಗುವುದಿಲ್ಲ. 22 ಕ್ಯಾರೆಟ್ಟೋ 18 ಕ್ಯಾರೆಟ್ಟೋ ತಿಳಿಯಬೇಕಾದರೆ ಹೈಡ್ರೋಕ್ಲೋರಿಕ್ ಆಸಿಡ್ ಬೆರೆಸಿದ ಬೇರೆ ಸೀಸೆ ಇದೆ. ಎರಡು ಗೀಟುಗಳಲ್ಲಿ ಯಾವುದು ಬೇಗ ಮಾಸುತ್ತದೆ ಅಂತ ನೋಡುತ್ತಾರೆ. ‘ಅಯ್ಯೋ, ಆಸಿಡ್ ಹಾಕಿದ್ರೆ ಬಳೆ ಹಾಳಾಗಲ್ವಾ ಸರ್?’ ಅಂತ ಕೇಳುವವರಿದ್ದಾರೆ. ಹಾಳಾಗಲ್ಲ, ಆಸಿಡ್ ಬೀಳುವುದು ಕಲ್ಲಿನ ಮೇಲಿನ ಗೀಟಿಗೆ.

ತೊಡಕಿರುವುದೂ ಅಲ್ಲೇ. ಆ ಗೀಟು ಹೇಳುವುದು ಉಜ್ಜಿದ ಜಾಗದ ಸಂಗತಿ ಮಾತ್ರ. ಪೊಳ್ಳು ಬಳೆಯೊಳಗೆ ಅರಗು ತುಂಬಿದ್ದರೆ ಗೀಟಿಗೆ ಏನು ಗೊತ್ತು? ಟಂಗ್‌ಸ್ಟನ್ ಅನ್ನುವ ಲೋಹ ಒಳಗಿದ್ದರೆ ಇನ್ನೂ ಕಷ್ಟ. ಅಪ್ಪಟ ಚಿನ್ನದ ಸಾಂದ್ರತೆ 19.3, ಟಂಗ್‌ಸ್ಟನ್ನಿನದು 19.25. ನೀರಿನಲ್ಲಿ ತೂಗಿದರೂ ವ್ಯತ್ಯಾಸ ಸಿಗುವುದು ಕಷ್ಟ. ಎಕ್ಸ್‌ರೇ ಹಾಯಿಸಿ ನೋಡುವ ಕ್ಯಾರೆಟ್ ಮೀಟರ್ ಕೂಡ ಮೇಲ್ಪದರವನ್ನಷ್ಟೇ ಓದುತ್ತದೆ. ಅನುಮಾನ ಬಂದರೆ ಗಿರಾಕಿಯ ಒಪ್ಪಿಗೆ ಕೇಳಿ ಅರದಿಂದ ಆಳಕ್ಕೆ ಉಜ್ಜಬೇಕು. 2021ರ ಜುಲೈಯಿಂದ ಹಾಲ್‌ಮಾರ್ಕ್ ಜೊತೆ ಪ್ರತಿ ಒಡವೆಗೂ ಆರು ಅಕ್ಷರ–ಅಂಕಿಗಳ ಗುರುತು ಸಂಖ್ಯೆಯಾದ ಎಚ್‌ಯುಐಡಿ ಬಂದ ಮೇಲೆ ಹೊಸ ಒಡವೆಗಳ ತಲೆನೋವು ಕಡಿಮೆಯಾಗಿದೆ. ಅಜ್ಜಿ ಕಾಲದ ಅವಲಕ್ಕಿ ಸರಕ್ಕೆ ಮಾತ್ರ ಈಗಲೂ ಒರೆಗಲ್ಲೇ ಗತಿ.

‘ಆಸಿಡ್ ಟೆಸ್ಟ್’ ಅನ್ನುವ ಮಾತು ಅಕ್ಕಸಾಲಿಗರ ಅಂಗಡಿ ಬಿಟ್ಟು ಹೊರಗೆ ಬಂದದ್ದು 19ನೇ ಶತಮಾನದಲ್ಲಿ. 1918ರ ಜನವರಿ 8ರಂದು ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ ತಮ್ಮ 14 ಅಂಶಗಳ ಭಾಷಣದಲ್ಲಿ ಇದನ್ನು ಬಳಸಿದರು. ಮುಂದಿನ ತಿಂಗಳುಗಳಲ್ಲಿ ಬೇರೆ ದೇಶಗಳು ರಷ್ಯಾವನ್ನು ಹೇಗೆ ನಡೆಸಿಕೊಳ್ಳುತ್ತವೋ ಅದೇ ಅವುಗಳ ಸದ್ಭಾವನೆಯ ಆಸಿಡ್ ಟೆಸ್ಟ್ ಅಂದರು. ಅಲ್ಲಿ ಇನ್ನೂ ಅಸಲಿಯೋ ನಕಲಿಯೋ ಅನ್ನುವ ಪ್ರಶ್ನೆಯಿತ್ತು. ಈಗ ಸುಮ್ನೆ ಯಾವ ಕಷ್ಟ ಬಂದರೂ ಆಸಿಡ್ ಟೆಸ್ಟ್.

ಮೂಲ ಅರ್ಥವನ್ನು ಚೆನ್ನಾಗಿ ಉಳಿಸಿಕೊಂಡವರು ಲೆಕ್ಕಪತ್ರದವರು. ಅವರ ಆಸಿಡ್ ಟೆಸ್ಟ್ ಒಂದು ಅನುಪಾತ. ಚಾಲ್ತಿ ಆಸ್ತಿಯಲ್ಲಿ, ಅಂದರೆ ವರ್ಷದೊಳಗೆ ದುಡ್ಡಾಗುವ ಆಸ್ತಿಯಲ್ಲಿ, ದಾಸ್ತಾನು ಕಳೆಯಿರಿ, ಉಳಿದದ್ದನ್ನು ಚಾಲ್ತಿ ಸಾಲದಿಂದ ಭಾಗಿಸಿ. ಅಡಿಕೆ ಮಂಡಿಯೊಂದರ ಲೆಕ್ಕ ಹೀಗಿರಲಿ: ಗೋದಾಮಿನಲ್ಲಿ 60 ಲಕ್ಷದ ಅಡಿಕೆ, ನಗದು ಮತ್ತು ಬರಬೇಕಾದ ಬಾಕಿ 20 ಲಕ್ಷ, ವರ್ಷದೊಳಗೆ ತೀರಿಸಬೇಕಾದ ಸಾಲ 40 ಲಕ್ಷ. ಅಡಿಕೆ ಸೇರಿಸಿದರೆ ಸಾಲದ ಎರಡರಷ್ಟು ಆಸ್ತಿ. ತೆಗೆದರೆ 0.5, ಅಂದರೆ ರೂಪಾಯಿ ಸಾಲಕ್ಕೆ ಕೈಯಲ್ಲಿ ಐವತ್ತೇ ಪೈಸೆ.

‘ರಾಶಿ ಅಡಿಕೆ ಯಾವತ್ತಿದ್ರೂ ದುಡ್ಡೇ ಅಲ್ವಾ?’ ಅಂತ ವ್ಯಾಪಾರಿ ವಾದಿಸುತ್ತಾರೆ. ಪೂರ್ತಿ ತಪ್ಪಲ್ಲ. ಅಡಿಕೆ ತರಕಾರಿಯ ಹಾಗೆ ಸಂಜೆಗೆ ಬಾಡುವುದಿಲ್ಲ, ಎಪಿಎಂಸಿಯಲ್ಲಿ ಕೊಳ್ಳುವವರು ಸಿಗುತ್ತಾರೆ. ಹಾಗಾಗಿ 0.5 ಕಂಡ ಕೂಡಲೇ ಅರ್ಜಿ ವಾಪಸ್ ಕಳಿಸುವುದಿಲ್ಲ. ಆದರೆ ಸಾಲದ ಕಂತು ಧಾರಣೆ ಏರಲಿ ಅಂತ ಕಾಯುತ್ತಾ ಕೂರುವುದಿಲ್ಲ.

ನನಗೆ ಹೆಚ್ಚು ಅನುಮಾನ ಆ 20 ಲಕ್ಷದ ಮೇಲೆ. ನಮ್ಮ ಕಡೆ ಮಂಡಿಯವರು ಬೆಳೆಗಾರರಿಗೆ ಮುಂಗಡ ಕೊಡುವುದು ಹಳೆಯ ರೂಢಿ. ಪುಸ್ತಕದಲ್ಲಿ ಅದು ‘ಬರಬೇಕಾದ ಹಣ’. ಆದರೆ ಕೊಯ್ಲಾದ ಮೇಲೆ ಅದು ಬರುವುದು ಅಡಿಕೆಯಾಗಿ. ದಾಸ್ತಾನನ್ನು ಮುಂಬಾಗಿಲಿನಿಂದ ಕಳಿಸಿ ಹಿತ್ತಲಿನಿಂದ ಒಳಗೆ ಬಿಟ್ಟುಕೊಂಡ ಹಾಗಾಯಿತು. ಅದಕ್ಕೇ ಬ್ಯಾಲೆನ್ಸ್ ಶೀಟ್ ತಂದವರಿಗೆ ನಾನು ಮೊದಲು ಕೇಳುವುದು, ಬೆಳೆಗಾರರ ಮುಂಗಡದ ಪಟ್ಟಿಯನ್ನು ಬೇರೆಯಾಗಿ ಬರೆದುಕೊಂಡು ಬನ್ನಿ ಅಂತ.