ಕೊಂದದ್ದನ್ನು ತೋರಿಸದ ಸಿನಿಮಾವನ್ನು ನಂಬುವುದು ಹೇಗೆ?

ಪ್ರಶ್ನೆ: ಯಹೂದಿಗಳ ನರಮೇಧದ ಬಗ್ಗೆ ತುಂಬಾ ಹೊಗಳಿಸಿಕೊಂಡ ಕೆಲವು ಸಿನಿಮಾಗಳು ಕೊಂದದ್ದನ್ನೇ ತೋರಿಸುವುದಿಲ್ಲ. ತೋರಿಸದಿದ್ದರೆ ಜನ ನಂಬುತ್ತಾರಾ?

ಉತ್ತರ: ತೋರಿಸೋಣ ಅಂದರೂ ವಿಷಾನಿಲದ ಕೋಣೆಯೊಳಗೆ ಜನ ಸಾಯುತ್ತಿರುವ ರೀಲು ಎಲ್ಲೂ ಇಲ್ಲ. ನಾಜಿಗಳು ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದರು, ಕುರುಹನ್ನೂ ಅಳಿಸಲು ನೋಡಿದರು. ಪೋಲೆಂಡಿನಲ್ಲಿ ಯಹೂದಿಗಳನ್ನು ಕೊಲ್ಲಲೆಂದೇ ಕಟ್ಟಿದ್ದ ಟ್ರೆಬ್ಲಿಂಕಾ ಶಿಬಿರವನ್ನು 1943ರಲ್ಲಿ ಕೆಡವಿ, ಅಲ್ಲೊಂದು ತೋಟದ ಮನೆ ಕಟ್ಟಿಬಿಟ್ಟರು! ನಾವು ನೋಡಿರುವ ಹೆಣದ ರಾಶಿಯ ದೃಶ್ಯಗಳಲ್ಲಿ ಹೆಚ್ಚಿನವು 1945ರಲ್ಲಿ ಶಿಬಿರಗಳಿಗೆ ಬಂದ ಮಿತ್ರಪಡೆಗಳು ತೆಗೆದವು. ಅದಕ್ಕೂ ಹಿಂದಿನ ವಾರ್ಸಾ ಗೆಟ್ಟೋದ (ಯಹೂದಿಗಳನ್ನು ಕೂಡಿಹಾಕಿದ್ದ ಕೇರಿಯ) ರೀಲು ನಾಜಿಗಳೇ ತೆಗೆದದ್ದು. ಕೊಂದವರ ಕಣ್ಣಿಂದಲೇ ಸತ್ತವರನ್ನು ನೋಡಬೇಕಾ?

ಬೇಡ ಅಂದವರು ಫ್ರಾನ್ಸಿನ ನಿರ್ದೇಶಕ ಕ್ಲೋಡ್ ಲಾಂಜ್‌ಮನ್. 1985ರ ಅವರ 'ಶೋವಾ' ಸಿನಿಮಾ ಒಂಬತ್ತು ಗಂಟೆಗಿಂತ ಜಾಸ್ತಿ ಇದೆ. ಹಳೆಯ ರೀಲಿನ ಒಂದು ತುಣುಕೂ ಇಲ್ಲ. ಬದುಕುಳಿದವರು, ಕಣ್ಣಾರೆ ಕಂಡವರು, ನಾಜಿಗಳು ಮಾತಾಡುತ್ತಾರೆ. ನಡುನಡುವೆ ರೈಲು ಹಳಿ, ಕಾಡು, ಹುಲ್ಲು.

ಅದರಲ್ಲಿ ಅಬ್ರಹಾಂ ಬೊಂಬಾ ಬರುತ್ತಾರೆ. ಟ್ರೆಬ್ಲಿಂಕಾದಲ್ಲಿ ಸಾವಿಗೆ ಹೊರಟ ಹೆಂಗಸರ ಕೂದಲು ಕತ್ತರಿಸುವ ಕೆಲಸಕ್ಕೆ ಅವರನ್ನು ಹಾಕಿದ್ದರು. ಲಾಂಜ್‌ಮನ್ ಅವರನ್ನು ಇಸ್ರೇಲಿನ ಒಂದು ಕಟಿಂಗ್ ಶಾಪಿನಲ್ಲಿ ನಿಲ್ಲಿಸಿ, ಕೈಗೆ ಕತ್ತರಿ ಕೊಟ್ಟು ಮಾತಾಡಿಸುತ್ತಾರೆ. ತಮ್ಮೂರಿನ ಇನ್ನೊಬ್ಬ ಕ್ಷೌರಿಕನ ಹೆಂಡತಿ, ಸೋದರಿ ಕೂದಲು ಕತ್ತರಿಸುವ ಕೋಣೆಗೆ ಬಂದ ದಿನದ ಮಾತು ಬಂದಾಗ ಬೊಂಬಾ ನಿಂತುಬಿಡುತ್ತಾರೆ. ಬಾಯಿ ಒರೆಸಿಕೊಳ್ಳುತ್ತಾರೆ. ಆಗಲ್ಲ ಅನ್ನುತ್ತಾರೆ. ಲಾಂಜ್‌ಮನ್ ಬಿಡುವುದಿಲ್ಲ. ಹೇಳಲೇಬೇಕು ಅನ್ನುತ್ತಾರೆ. ಮುದುಕರನ್ನು ಹೀಗೆ ಹಿಂಡಬೇಕಿತ್ತಾ ಅಂತ ನನಗೆ ಈಗಲೂ ಕಸಿವಿಸಿ. ಆದರೆ ಆ ಮೌನ ನೋಡಿದ ಮೇಲೆ ನಂಬುವ ಪ್ರಶ್ನೆಯೇ ಏಳುವುದಿಲ್ಲ.

ಸ್ಪೀಲ್‌ಬರ್ಗ್ ಅವರ 'ಶಿಂಡ್ಲರ್ಸ್ ಲಿಸ್ಟ್' (1993) ನೆನಪಿದೆಯಲ್ವಾ? ಹೆಂಗಸರನ್ನು ಒಂದು ಕೋಣೆಗೆ ತಳ್ಳುತ್ತಾರೆ, ದೀಪ ಆರುತ್ತದೆ, ವಿಷಾನಿಲವೇ ಬಂತು ಅನ್ನುವಾಗ ಮೇಲಿಂದ ನೀರು ಸುರಿಯುತ್ತದೆ. ನಮಗೆ ಉಸಿರು ಬರುತ್ತದೆ. ಅಂಥ ಜಾಗದಲ್ಲಿ ಸಸ್ಪೆನ್ಸ್ ಕಟ್ಟಿದ್ದು ನನಗೆ ಹಿಡಿಸಲಿಲ್ಲ. ಆದರೆ ಆ ಸಿನಿಮಾ ಮುಗಿಸಿದ ಸ್ಪೀಲ್‌ಬರ್ಗ್ 1994ರಲ್ಲಿ ಒಂದು ಸಂಸ್ಥೆ ಕಟ್ಟಿದರು. ಬದುಕುಳಿದವರ, ಕಂಡವರ 50,000ಕ್ಕೂ ಹೆಚ್ಚು ಸಾಕ್ಷ್ಯಗಳು ಅದರಿಂದಾಗಿ ವಿಡಿಯೋದಲ್ಲಿ ಉಳಿದಿವೆ.

ಇನ್ನು ಜನ ನಂಬುವ ಮಾತು. 1979ರ ಜನವರಿಯಲ್ಲಿ ಪಶ್ಚಿಮ ಜರ್ಮನಿಯ ಟೀವಿಯಲ್ಲಿ 'ಹಾಲೊಕಾಸ್ಟ್' ಅನ್ನುವ ಅಮೆರಿಕದ ಧಾರಾವಾಹಿ ಬಂತು. ಒಂದು ಯಹೂದಿ ಕುಟುಂಬದ ಕಟ್ಟುಕಥೆ. ಅಳಿಸುವ ಸೀರಿಯಲ್ ಅಂತ ವಿಮರ್ಶಕರು ಮೂಗು ಮುರಿದರು. ಜನ ಮಾತ್ರ ಸುಮ್ನೆ ನೋಡಿ ಮಲಗಲಿಲ್ಲ. ಸುಮಾರು ಎರಡು ಕೋಟಿ ಮಂದಿ ನೋಡಿದರು, ಸಾವಿರಾರು ಮಂದಿ ಟೀವಿ ಕಚೇರಿಗೆ ಫೋನ್ ಮಾಡಿದರು. ಆಗ ಅಲ್ಲಿ ಕೊಲೆ ಕೇಸು ಹಾಕುವುದಕ್ಕೂ ಒಂದು ಗಡುವಿತ್ತು, ಅದು ದಾಟಿದರೆ ಕೇಸು ಹಾಕುವಂತಿರಲಿಲ್ಲ. ನಾಜಿ ಕೊಲೆಗಾರರ ಪಾಲಿಗೆ ಅದು ಆ ವರ್ಷದ ಕೊನೆಗೆ ಮುಗಿಯುವುದರಲ್ಲಿತ್ತು. ಜುಲೈನಲ್ಲಿ ಸಂಸತ್ತು ಆ ಗಡುವನ್ನೇ ತೆಗೆದುಹಾಕಿತು.