ಪದವು ‘ಖರಾಬು’ ಆದ ಕಥೆ

ಮಂಗಳೂರಲ್ಲಿ ಪದವಿನಂಗಡಿ ಅಂತ ಒಂದು ಜಾಗ ಇದೆ, ಹೆಸರಲ್ಲಿ ಪದವು ಇರೋ ಊರುಗಳಂತೂ ಕರಾವಳಿ ತುಂಬಾ ಸಿಗ್ತವೆ. ಪದವು ಅಂದ್ರೆ ಗುಡ್ಡದ ನೆತ್ತಿ ಮೇಲಿನ ಚಪ್ಪಟೆ ಮುರಕಲ್ಲಿನ, ಅಂದ್ರೆ ಜಂಬಿಟ್ಟಿಗೆ ಕಲ್ಲಿನ ಬಯಲು. ಈಗ ಕೋರೆ, ಸೈಟು, ಇಂಡಸ್ಟ್ರಿ, ಕುಮ್ಕಿ (ರೈತರ ಜಮೀನಿಗೆ ತಾಗಿದ, ಅವ್ರಿಗೆ ಬಳಸೋ ಹಕ್ಕಿರೋ ಸರ್ಕಾರಿ ಜಾಗ) ಅಂತ ಜಗಳ ಶುರುವಾದ್ರೆ ಯಾರ ವಾದ ಏನು ಅಂತಾನೇ ತಲೆಗೆ ಹೋಗಲ್ಲ, ಆದ್ರೆ ಒಂದು ಮಾತು ಮಾತ್ರ ಎಲ್ಲಾ ಕಡೆಯವ್ರೂ ಹೇಳ್ತಾರೆ, ‘ಅಲ್ಲೇನಿದೆ ಮಾರಾಯ್ರೆ, ಬರೀ ಕಲ್ಲು.’

ಆಗಸ್ಟಲ್ಲಿ ಹೋಗಿ ನೋಡಿ. ಕುಕ್ಕರಗಾಲಲ್ಲಿ ಕೂತು ನೋಡ್ಬೇಕು, ನಿಂತ್ರೆ ಕಾಣಲ್ಲ. ಕಲ್ಲಿನ ಮೇಲೆ ಎರಡು ಬೆರಳು ಮಣ್ಣು, ಜಿನುಗೋ ನೀರು, ಅದ್ರಲ್ಲಿ ಬಿಳಿ ಅಂಗಿಗುಂಡಿ ಥರ ಹೂ ಬಿಡೋ ಎರಿಯೊಕಾಲಾನ್, ನೀಲಿ ಹೂವಿನ ಯುಟ್ರಿಕ್ಯುಲೇರಿಯಾ, ನಡುವೆ ಕೆಂಪು ರೋಮದ ತುದಿಗೆಲ್ಲ ಅಂಟು ಹನಿ ಹಿಡ್ಕೊಂಡಿರೋ ಡ್ರೋಸೆರಾ. ಒಂದ್ಸಲ ನಾನು ನೋಡ್ವಾಗ ಸಿಕ್ಕಿಬಿದ್ದ ಸೊಳ್ಳೆ ಇನ್ನೂ ಕಾಲಾಡಿಸ್ತಿತ್ತು. ಲಕ್ಷಾಂತರ ವರ್ಷದ ಮಳೆ ಕಲ್ಲಿನ ಸಿಲಿಕಾ, ಸುಣ್ಣ, ಪೊಟ್ಯಾಶ್ ಎಲ್ಲಾ ತೊಳ್ಕೊಂಡು ಹೋಗಿದೆ, ಉಳಿದಿದ್ದು ಕಬ್ಬಿಣ, ಅಲ್ಯೂಮಿನಿಯಂ. ಮಣ್ಣು ಹುಳಿ, ಸಾರಜನಕ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ, ರಂಜಕ ಇದ್ರೂ ಕಬ್ಬಿಣ ಬಿಟ್ಕೊಡಲ್ಲ, ಅದಕ್ಕೇ ಡ್ರೋಸೆರಾ, ಯುಟ್ರಿಕ್ಯುಲೇರಿಯಾ ಹುಳ ತಿನ್ನೋದು. ನಾಲ್ಕು ತಿಂಗಳು ಕೆಸರು, ಆಮೇಲೆ ಕಾದ ಕಾವಲಿ, ಹಾಗಾಗಿ ಮಳೆ ಮುಗಿಯೋದ್ರೊಳಗೆ ಹೂ ಬಿಟ್ಟು ಬೀಜ ಉದುರಿಸಿ ಮಾಯ. ಮಾರ್ಚಲ್ಲಿ ಹೋದವ್ರಿಗೆ ಕಾಣೋದು ಕಲ್ಲೇ ಬಿಡಿ.

ಈಸ್ಟ್ ಇಂಡಿಯಾ ಕಂಪನಿಗಾಗಿ ಸರ್ವೆಗೆ ಬಂದಿದ್ದ ಫ್ರಾನ್ಸಿಸ್ ಬುಕಾನನ್ 1807ರ ಪುಸ್ತಕದಲ್ಲಿ ಮಲಬಾರಿನ ಅಂಗಾಡಿಪುರಂ ಕಡೆಯ ಈ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟ, ಲ್ಯಾಟಿನ್ನಲ್ಲಿ ಲೇಟರ್ ಅಂದ್ರೆ ಇಟ್ಟಿಗೆ, ಅಂದ್ರೆ ಹೆಸರಲ್ಲೇ ಕಟ್ಟೋ ಸಾಮಾನು. ಬ್ರಿಟಿಷರ ಕಂದಾಯ ಲೆಕ್ಕದಲ್ಲಿ ತೀರ್ವೆ ಹುಟ್ಟದ ಜಾಗ ‘ವೇಸ್ಟ್’ ಆಯ್ತು, ಪಹಣಿ ಭಾಷೇಲಿ ‘ಖರಾಬು’, ಸ್ವಾತಂತ್ರ್ಯ ಬಂದ್ರೂ ಆ ಕಾಲಂ ಅಳಿಸ್ಲಿಲ್ಲ, ಕಾಲೇಜು ಫ್ಯಾಕ್ಟರಿ ಏನೇ ಬಂದ್ರೂ ಮೊದ್ಲು ತೋರಿಸೋದು ಪದವು.

1985ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಬಂಜರುಭೂಮಿ ಅಭಿವೃದ್ಧಿ ಮಂಡಳಿ ಮಾಡ್ತು, ವರ್ಷಕ್ಕೆ 50 ಲಕ್ಷ ಹೆಕ್ಟೇರ್ ಹಸಿರು ಮಾಡೋ ಗುರಿ. ಸೌದೆಗೆ ಬರ ಇದ್ದ ಕಾಲ, ಉದ್ದೇಶ ಕೆಟ್ಟದ್ದಂತೂ ಅಲ್ಲ. ಬಂದಿದ್ದು ಆಸ್ಟ್ರೇಲಿಯಾ ಕಡೆಯ ಅಕೇಶಿಯಾ. ನಮ್ಮೂರ ಪದವಲ್ಲಿ ಅದನ್ನ ನೆಟ್ಟವ್ರೇ ನಾವು, ಶಾಲೆಯ ವನಮಹೋತ್ಸವ, ಗುಂಡಿ ತೋಡೋಕೆ ಹಾರೆ ಬೇಕಾಯ್ತು, ಕಲ್ಲಿಗೆ ಬಡಿದು ಕಿಡಿ ಹಾರ್ತಿತ್ತು, ಆಮೇಲೆ ಬೆಲ್ಲ ಅವಲಕ್ಕಿ ಕೊಟ್ರು, ಎಷ್ಟು ಖುಷಿ ಗೊತ್ತಾ! ಕಾಲ ಕೆಳಗೆ ಏನ್ ತುಳಿತಿದ್ವಿ ಅಂತ ಯಾರೂ ನೋಡ್ಲಿಲ್ಲ, ನಾನೂ. ಅಕೇಶಿಯಾ ಬೇರಲ್ಲಿ ಸಾರಜನಕ ಹಿಡಿದು ಮಣ್ಣಿಗೆ ಸೇರಿಸುತ್ತೆ, ಬೇರೆ ಕಡೆ ಅದು ಗೊಬ್ಬರ, ಇಲ್ಲಿ ಸಾರಜನಕ ಇಲ್ದೇ ಬದುಕೋದು ಕಲ್ತ ಗಿಡಗಳಿಗೆ ಅದೇ ಮುಳುವು. ಮೇಲಿಂದ ನೆರಳು, ಬೇಗ ಕೊಳೀದ ಎಲೆಯ ಹಾಸು ಬೇರೆ. ಐದಾರು ವರ್ಷಕ್ಕೆ ನೀಲಿ ಹೂ ಹೋಯ್ತು.

ಆಮೇಲೆ 2000ದಲ್ಲಿ ಉಪಗ್ರಹ ನಕ್ಷೆಯಿಂದ ದೇಶದ ಬಂಜರುಭೂಮಿ ಅಟ್ಲಾಸೇ ಬಂತು, ಕಲ್ಲುಬಯಲಿಗೂ ಬಂಜರು ಅಂತ ಒಂದು ಬಣ್ಣ. 2012ರಲ್ಲಿ ಮಾತ್ರ ಮಹಾರಾಷ್ಟ್ರದ ಸಾತಾರಾ ಹತ್ರದ ಕಾಸ್ ಪ್ರಸ್ಥಭೂಮಿ, ಅದೂ ಇಂಥದ್ದೇ ಮುರಕಲ್ಲು, ಪಶ್ಚಿಮ ಘಟ್ಟದ ಜೊತೆ ವಿಶ್ವ ಪರಂಪರೆ ಪಟ್ಟಿ ಸೇರ್ತು. ನಮ್ಮ ರಾಜ್ಯದಿಂದ ಸೇರಿದ ಹತ್ತು ಜಾಗಗಳೂ ಕಾಡು, ಶೋಲಾ (ಹುಲ್ಲುಗಾವಲ ನಡುವಿನ ಕಣಿವೆ ಕಾಡು) ಇರೋ ಘಟ್ಟದವು, ಕರಾವಳಿಯ ಪದವು ಒಂದೂ ಇಲ್ಲ.

ನಮ್ಮೂರ ಅಕೇಶಿಯಾ ಏಲಂ ಆಗಿ ಕಡಿದಾಯ್ತು, ಅರ್ಧಕ್ಕೆ ಕೋರೆ ಬಂದಿದೆ. ಉಳಿದರ್ಧ ಪಹಣಿಯಲ್ಲಿ ಈಗ್ಲೂ ‘ಖರಾಬು’.