ನಿಜವಾಯ್ತು ಅಂದ ಮಾತ್ರಕ್ಕೆ ಗೊತ್ತಿತ್ತು ಅಂತಲ್ಲ: ಗೆಟಿಯರ್ ಪ್ರಾಬ್ಲಮ್ ಮೇಲೆ ಟಿಪ್ಪಣಿ

ಎಂಎ ಫಿಲಾಸಫಿಯ ಜ್ಞಾನಮೀಮಾಂಸೆ (ಗೊತ್ತು ಅಂದ್ರೇನು ಅಂತ ಕೇಳೋ ಶಾಖೆ) ಪೇಪರ್‌ಗೆ ಓದ್ತಿರೋರಿಗೆ ಇದು. ವಿಷಯ ಈಗಷ್ಟೇ ತಲೇಲಿ ಕೂತಿದೆ, ಜಾರೋಕೆ ಮುಂಚೆ ಬರೆದಿಡೋಣ ಅಂತ. ನ್ಯಾಯ ದರ್ಶನದ ಪಂಚಾವಯವ (ಐದು ಹೆಜ್ಜೇಲಿ ತರ್ಕ ಮಂಡಿಸೋ ಕ್ರಮ), ಹೇತ್ವಾಭಾಸ (ಕಾರಣದ ಥರ ಕಾಣೋ ದೋಷ) ಇವನ್ನ ಒಂದ್ಸಲ ಆದ್ರೂ ಓದಿದೀರ ಅಂದ್ಕೊಂಡು ಬರೀತಿದೀನಿ, ಅದನ್ನ ಅ ಆ ಇ ಈ ಇಂದ ಹೇಳ್ತಾ ಕೂರಲ್ಲ.

ಮೂರು ಷರತ್ತು

ಒಂದು ವಿಷಯ ನಮಗೆ ಗೊತ್ತು ಅನ್ನೋಕೆ ಪಾಶ್ಚಾತ್ಯ ಟೆಕ್ಸ್ಟ್‌ಬುಕ್ ಕೇಳೋದು ಇಷ್ಟು: ಅದು ನಿಜ ಇರ್ಬೇಕು, ನಾವು ಅದನ್ನ ನಂಬಿರ್ಬೇಕು, ನಂಬೋಕೆ ತಕ್ಕ ಆಧಾರ ಇರ್ಬೇಕು. ಮೊದಲೆರಡು ಬಿಡಿ. ಮೂರನೇದು ಯಾಕೆ ಬೇಕು ಅನ್ನೋದಕ್ಕೆ ಪ್ಲೇಟೋನ ಮೆನೋ ಸಂವಾದದಲ್ಲಿ ಒಂದು ಜಾಗ ಇದೆ. ಲಾರಿಸಾ ಅನ್ನೋ ಊರಿಗೆ ದಾರಿ ಗೊತ್ತಿರೋನೂ ಕರ್ಕೊಂಡು ಹೋಗ್ತಾನೆ, ಆ ದಾರೀಲಿ ಒಮ್ಮೆಯೂ ಹೋಗ್ದೇ ಸರಿಯಾಗಿ ಅಂದಾಜು ಮಾಡಿದೋನೂ ಕರ್ಕೊಂಡು ಹೋಗ್ತಾನೆ, ಹಾಗಾದ್ರೆ ಗೊತ್ತಿರೋನಿಗೆ ಹೆಚ್ಚಿನ ಬೆಲೆ ಯಾಕೆ? ಸಾಕ್ರಟೀಸ್ ಹೇಳೋದು, ಸರಿಯಾದ ಅಭಿಪ್ರಾಯ ಕಟ್ಟಿಹಾಕ್ದಿದ್ರೆ ಓಡಿಹೋಗತ್ತೆ, ಕಾರಣ ಕೊಟ್ಟು ಕಟ್ಟಿದ್ರೆ ಮಾತ್ರ ಅದು ತಿಳಿವು ಆಗತ್ತೆ. (ಉರು ಹೊಡೆದು ಬರೆದೋರಿಗೂ ಅರ್ಥ ಮಾಡ್ಕೊಂಡು ಬರೆದೋರಿಗೂ ಒಂದೇ ಮಾರ್ಕ್ಸ್ ಬೀಳೋದು ಇದಕ್ಕೇ ಇರ್ಬೇಕು, ಪೇಪರ್ ತಿದ್ದೋರು ನೋಡೋದು ಲಾರಿಸಾ ತಲುಪಿದ್ರಾ ಅಂತ ಅಷ್ಟೇ.)

10 ನಾಣ್ಯ

1963ರಲ್ಲಿ ಎಡ್ಮಂಡ್ ಗೆಟಿಯರ್ ಅನ್ನೋ ಅಮೆರಿಕನ್ ಪ್ರೊಫೆಸರ್ 'ಅನಾಲಿಸಿಸ್' ಪತ್ರಿಕೇಲಿ ಬರೀ 3 ಪುಟ ಬರೆದು ಈ ಮೂರು ಷರತ್ತು ಸಾಲಲ್ಲ ಅಂತ ತೋರಿಸಿದ್ರು. ಕಥೆ ಹೀಗಿದೆ: ಸ್ಮಿತ್, ಜೋನ್ಸ್ ಇಬ್ಬರೂ ಒಂದೇ ಕೆಲಸಕ್ಕೆ ಅರ್ಜಿ ಹಾಕಿದಾರೆ. ಕೆಲಸ ಜೋನ್ಸ್‌ಗೇ ಅಂತ ಕಂಪನಿ ಅಧ್ಯಕ್ಷರೇ ಸ್ಮಿತ್‌ಗೆ ಹೇಳಿದಾರೆ. ಜೋನ್ಸ್ ಜೇಬಲ್ಲಿ 10 ನಾಣ್ಯ ಇರೋದನ್ನ ಸ್ಮಿತ್ ಸ್ವಲ್ಪ ಹೊತ್ತಿನ ಮುಂಚೆ ಎಣಿಸಿ ನೋಡಿದಾನೆ. ಹಾಗಾಗಿ ಅವನ ತೀರ್ಮಾನ: ಕೆಲಸ ಸಿಗೋನ ಜೇಬಲ್ಲಿ 10 ನಾಣ್ಯ ಇದೆ. ಕೊನೆಗೆ ಕೆಲಸ ಸಿಗೋದು ಸ್ಮಿತ್‌ಗೇ, ಅವನಿಗೇ ಗೊತ್ತಿಲ್ಲದ ಹಾಗೆ ಅವನ ಜೇಬಲ್ಲೂ 10 ನಾಣ್ಯ ಇತ್ತು. ಮಾತು ನಿಜ ಆಯ್ತು, ನಂಬಿದ್ದ, ಆಧಾರನೂ ಇತ್ತು. ಆದ್ರೂ ಅವನಿಗೆ ಗೊತ್ತಿತ್ತು ಅಂತ ಯಾರೂ ಅನ್ನಲ್ಲ.

ಎಡವೋ ಹೆಜ್ಜೆ

ಕ್ಲಾಸಲ್ಲಿ ಇದನ್ನ ಹೇಳಿದ ತಕ್ಷಣ ಹಿಂದಿನ ಬೆಂಚಿಂದ ಬರೋ ಪ್ರಶ್ನೆ ಒಂದೇ: "ಅವನ ಆಧಾರವೇ ಸುಳ್ಳಲ್ವಾ ಸಾರ್, ಅಂದ್ಮೇಲೆ ಮೂರನೇ ಷರತ್ತು ಎಲ್ಲಿ ಪಾಸಾಯ್ತು?" ಇದು ಬಿಡಿಸ್ಕೊಳ್ಳದೆ ಮುಂದೆ ಹೋದ್ರೆ ಉಳಿದಿದ್ದೆಲ್ಲಾ ಬರೀ ಕಥೆ ಆಗತ್ತೆ, ಅದಕ್ಕೆ ಇಲ್ಲಿ ನಿಧಾನ ಮಾಡ್ತೀನಿ.

ಗೆಟಿಯರ್ ಕಥೆಗೆ ಮುಂಚೆನೇ ಎರಡು ಮಾತು ಒಪ್ಪಿಸ್ಕೊಂಡು ಬಿಡ್ತಾರೆ. ಒಂದು, ಆಧಾರ ಗಟ್ಟಿ ಇದ್ರೂ ನಂಬಿದ್ದು ಸುಳ್ಳಾಗಬಹುದು. ಇದನ್ನ ಒಪ್ಪಲ್ಲ ಅಂದ್ರೆ ನಾಳೆ ಬೆಳಿಗ್ಗೆ ಹಾಲಿನೋನು ಬರ್ತಾನೆ ಅಂತ ನಂಬೋಕೂ ನಮಗೆ ಆಧಾರ ಇಲ್ಲ ಅಂತ ಆಗತ್ತೆ, ಯಾಕಂದ್ರೆ ಬರ್ದೇನೂ ಇರಬಹುದು. ಅಂದ್ರೆ ಆಧಾರ ಇದೆಯಾ ಅನ್ನೋದನ್ನ ಅಳೆಯೋದು ಆ ಹೊತ್ತಲ್ಲಿ ಅವನ ಕೈಲಿ ಏನಿತ್ತು ಅಂತ ನೋಡಿ, ಆಮೇಲೆ ಏನಾಯ್ತು ಅಂತ ನೋಡಿ ಅಲ್ಲ. ಅಧ್ಯಕ್ಷರೇ ಹೇಳಿದ್ರು, ಅವನು ಕೈಯ್ಯಾರೆ ಎಣಿಸಿದ್ದ. ಇನ್ನೇನು ಬೇಕು?

ಎರಡನೇ ಮಾತು, ಒಂದನ್ನ ನಂಬೋಕೆ ಆಧಾರ ಇದ್ರೆ ಅದರಿಂದ ತರ್ಕಬದ್ಧವಾಗಿ ತೆಗೆದ ಇನ್ನೊಂದಕ್ಕೂ ಆ ಆಧಾರ ಹರಿದು ಬರತ್ತೆ. ಸ್ಮಿತ್‌ಗೆ ಆಧಾರ ಇದ್ದಿದ್ದು "ಜೋನ್ಸ್‌ಗೆ ಕೆಲಸ, ಜೋನ್ಸ್ ಜೇಬಲ್ಲಿ 10" ಅನ್ನೋದಕ್ಕೆ. ಅವನು ಅದರಿಂದ ತೆಗೆದಿದ್ದು "ಕೆಲಸ ಸಿಗೋನ ಜೇಬಲ್ಲಿ 10" ಅಂತ. ಈಗ ಎರಡೂ ವಾಕ್ಯ ಪಕ್ಕಪಕ್ಕ ಇಟ್ಟು ನೋಡಿ. ಮೊದಲನೇದರಲ್ಲಿ ಜೋನ್ಸ್ ಹೆಸರು ಇದೆ, ಎರಡನೇದರಲ್ಲಿ ಆ ಹೆಸರು ಉದುರಿ ಹೋಗಿದೆ. ಹೆಸರಿರೋ ವಾಕ್ಯ ನಿಜ ಆಗ್ಬೇಕು ಅಂದ್ರೆ ಜೋನ್ಸೇ ಬೇಕು, ಹೆಸರು ಉದುರಿದ ವಾಕ್ಯವನ್ನ ಯಾರು ಬೇಕಾದ್ರೂ ನಿಜ ಮಾಡಬಹುದು, ಸ್ಮಿತ್ ಮಾಡಬಹುದು, ಮೂರನೇ ಅಭ್ಯರ್ಥಿ ಯಾರಾದ್ರೂ ಇದ್ರೆ ಅವನೂ ಮಾಡಬಹುದು. ಅದೃಷ್ಟ ನುಗ್ಗೋದು ಆ ಹೆಸರು ಉದುರಿದ ತೂತಿಂದ. ನಂಬೋಕೆ ಕಾರಣ ಜೋನ್ಸ್ ಕಡೆಯಿಂದ ಬಂತು, ಮಾತನ್ನ ನಿಜ ಮಾಡಿದ್ದು ಸ್ಮಿತ್ ಕಡೆಯಿಂದ ಬಂತು, ಎರಡಕ್ಕೂ ನಡುವೆ ಸಂಬಂಧವೇ ಇಲ್ಲ. ನನ್ನ ಕೇಳಿದ್ರೆ ಇಡೀ ಗೆಟಿಯರ್ ಪ್ರಾಬ್ಲಮ್ ಇರೋದೇ ಇಷ್ಟರಲ್ಲಿ.

ಶಾರ್ಟ್‌ಕಟ್: ಪಂಚಾವಯವಕ್ಕೆ ಹಾಕಿ ನೋಡೋದು

ಇದು ಯಾವ ಗೈಡಲ್ಲೂ ಸಿಗ್ಲಿಲ್ಲ, ಆದ್ರೆ ನನಗೆ ತುಂಬಾ ಕೆಲಸಕ್ಕೆ ಬಂತು. ಒಂದು ಮನೆ ಕಡೆಯ ಉದಾಹರಣೆ ತಗೊಳ್ಳೋಣ. ಎದುರುಮನೆ ಅಂಕಲ್ ಇದ್ದಾರಾ ಅಂತ ಅಮ್ಮ ಕೇಳ್ತಾರೆ. ಕಿಟಕೀಲಿ ನೋಡಿದ್ರೆ ಗೇಟ್ ಮುಂದೆ ಅವರ ಬೂದು ಬಣ್ಣದ ಸ್ಕೂಟರ್ ನಿಂತಿದೆ. "ಹ್ಞೂಂ, ಇದ್ದಾರಮ್ಮ" ಅಂತೀರ. ಅಸಲಿಗೆ ಅಂಕಲ್ ಸ್ಕೂಟರ್ ಸರ್ವೀಸಿಗೆ ಹೋಗಿದೆ, ನಿಂತಿರೋದು ಅದೇ ಮಾಡೆಲ್ ಅದೇ ಬಣ್ಣದ ಅವರ ಷಡ್ಡಕನ ಗಾಡಿ. ಅಂಕಲ್ ಮಾತ್ರ ಆಟೋದಲ್ಲಿ ಬಂದು ಒಳಗೆ ಮಲಗಿದ್ದಾರೆ. ನಿಮ್ಮ ಮಾತು ಸರಿ, ಅಮ್ಮ ಹೋದ್ರು, ಅಂಕಲ್ ಸಿಕ್ಕಿದ್ರು.

ಈಗ ಬರ್ಕೊಳಿ:

ಪ್ರತಿಜ್ಞೆ (ಸಾಧಿಸ್ಬೇಕಾದ ಮಾತು): ಅಂಕಲ್ ಮನೇಲಿದ್ದಾರೆ.
ಹೇತು (ಕಾರಣ): ಅವರ ಸ್ಕೂಟರ್ ಗೇಟ್ ಮುಂದಿದೆ.
ಉದಾಹರಣೆ (ನಿಯಮ, ಅದಕ್ಕೊಂದು ನಿದರ್ಶನ): ಅವರ ಸ್ಕೂಟರ್ ಅಲ್ಲಿದ್ದಾಗೆಲ್ಲಾ ಅವರು ಮನೇಲಿರ್ತಾರೆ, ಹೋದ ಭಾನುವಾರದ ಹಾಗೆ.
ಉಪನಯ (ನಿಯಮವನ್ನ ಇಲ್ಲಿಗೆ ಹಚ್ಚೋದು): ಈಗಲೂ ಆ ಸ್ಕೂಟರ್ ಅಲ್ಲಿದೆ.
ನಿಗಮನ (ತೀರ್ಮಾನ): ಅದಕ್ಕೆ, ಮನೇಲಿದ್ದಾರೆ.

ಒಂದನೇದು ನಿಜ, ಐದನೇದು ನಿಜ, ಮೂರನೇದೂ ನಿಜ. ಎರಡು ಮತ್ತೆ ನಾಲ್ಕು ಸುಳ್ಳು. ನಾನು ನೆನಪಿಟ್ಕೊಂಡಿರೋದು "ತಲೆ ನಿಜ, ಬಾಲ ನಿಜ, ಹೊಟ್ಟೇಲಿ ಸುಳ್ಳು" ಅಂತ. ಹೇತು ಅಂತ ಹೇಳಿದ್ದು ಪಕ್ಷದಲ್ಲಿ (ಯಾವುದರ ಬಗ್ಗೆ ಹೇಳ್ತಿದೀವೋ ಅಲ್ಲಿ) ಇಲ್ಲವೇ ಇಲ್ಲ, ಅಂದ್ರೆ ಇದು ಸ್ವರೂಪಾಸಿದ್ಧ ಹೇತ್ವಾಭಾಸ. ಕಥೆ ಸ್ವಲ್ಪ ಬದಲಾಯಿಸಿ: ಸ್ಕೂಟರ್ ಅಂಕಲ್‌ದೇ, ಆದ್ರೆ ಈಚೆಗೆ ಮಗನೂ ಓಡಿಸ್ತಾನೆ, ಇವತ್ತು ತಂದು ನಿಲ್ಲಿಸಿದ್ದು ಮಗ. ಆಗ ಹೇತು ನಿಜ, ಸುಳ್ಳಾಗೋದು ಮೂರನೇ ಅವಯವದ ವ್ಯಾಪ್ತಿ ("ಅದಿದ್ದಾಗೆಲ್ಲಾ ಇದೂ ಇರತ್ತೆ" ಅನ್ನೋ ನಿಯಮ), ದೋಷ ಸವ್ಯಭಿಚಾರ (ಹೇತು ಇದ್ರೂ ಹೇಳಿದ್ದು ಇಲ್ದೇ ಇರಬಹುದು). ಎರಡೂ ಗೆಟಿಯರ್ ಕೇಸೇ, ಆದ್ರೆ ಸುಳ್ಳು ಅಡಗಿರೋ ಜಾಗ ಬೇರೆ ಬೇರೆ. ಪಾಶ್ಚಾತ್ಯ ಟೆಕ್ಸ್ಟ್‌ಬುಕ್ "ನಡುವೆ ಸುಳ್ಳು ಹೆಜ್ಜೆ ಇರಬಾರದು" ಅಂತ ಒಂದೇ ವಾಕ್ಯದಲ್ಲಿ ನಾಲ್ಕನೇ ಷರತ್ತು ಸೇರಿಸಿ ಮುಗಿಸತ್ತೆ, ನಮ್ಮ ಲಿಸ್ಟಲ್ಲಿ ಯಾವ ಹೆಜ್ಜೆ, ಎಂಥ ಸುಳ್ಳು ಅಂತ ಹೆಸರು ಸಮೇತ ಸಿಗತ್ತೆ, ಅದಕ್ಕೆ ನನಗೆ ಇದೇ ಇಷ್ಟ.

ಬೆಟ್ಟದ ಮೇಲೆ ಮಂಜನ್ನ ಹೊಗೆ ಅಂದ್ಕೊಂಡು ಬೆಂಕಿ ಇದೆ ಅನ್ನೋದು, ಅಲ್ಲಿ ನಿಜವಾಗ್ಲೂ ಬೆಂಕಿ ಇರೋದು, ಇದೂ ಇದೇ ಅಚ್ಚು. ಬೌದ್ಧ ತಾರ್ಕಿಕ ಧರ್ಮಕೀರ್ತಿಗೆ ವ್ಯಾಖ್ಯಾನ ಬರೆದ ಧರ್ಮೋತ್ತರ 8ನೇ ಶತಮಾನದಲ್ಲೇ ಇಂಥದ್ದೊಂದು ಕೊಟ್ಟಿದ್ದಾನೆ: ಮಾಂಸ ಸುಡೋಕೆ ಈಗಷ್ಟೇ ಬೆಂಕಿ ಹಚ್ಚಿದಾರೆ, ಹೊಗೆ ಇನ್ನೂ ಎದ್ದಿಲ್ಲ, ಮುತ್ತಿಕೊಂಡಿರೋ ಹುಳುಗಳ ಗುಂಪನ್ನ ದೂರದಿಂದ ನೋಡಿದೋನು ಹೊಗೆ ಅಂದ್ಕೊಂಡು "ಬೆಂಕಿ ಇದೆ" ಅಂತಾನೆ. ಪ್ರತಿಜ್ಞೆ ನಿಜ, ಹೇತು ಹುಳು.

ಆದ್ರೆ ಉತ್ತರದಲ್ಲಿ "ಗೆಟಿಯರ್ ಹೇಳಿದ್ದನ್ನ ನಮ್ಮೋರು ಸಾವಿರ ವರ್ಷ ಮುಂಚೆನೇ ಹೇಳಿದ್ರು" ಅಂತ ವಾಟ್ಸಾಪ್ ಫಾರ್ವರ್ಡ್ ಥರ ಬರೀಬೇಡಿ ದಯವಿಟ್ಟು. ಗೆಟಿಯರ್ ಹೊಡೆದಿದ್ದು ಆ ಮೂರು ಷರತ್ತಿನ ಲಕ್ಷಣಕ್ಕೆ (ಡೆಫಿನಿಷನ್‌ಗೆ). ಇಲ್ಲಿ ಆ ಲಕ್ಷಣವೇ ಇರ್ಲಿಲ್ಲ, ಇಲ್ಲಿನೋರು ಕೇಳ್ತಿದ್ದಿದ್ದು ಈ ಜ್ಞಾನ ಹುಟ್ಟಿದ್ದು ಸರಿಯಾದ ಕಾರಣದಿಂದನಾ ಅಂತ. ಉದಾಹರಣೆ ಒಂದೇ ಥರ, ಪ್ರಶ್ನೆ ಬೇರೆ.

ಇನ್ನೊಂದು ಎಚ್ಚರಿಕೆ, ಶ್ರೀಹರ್ಷನ ಕವಡೆ. 12ನೇ ಶತಮಾನದ ಅದ್ವೈತಿ ಶ್ರೀಹರ್ಷ ಕೊಡೋ ಉದಾಹರಣೆ: ಜೂಜುಗಾರ ಮುಷ್ಟಿ ಮುಚ್ಚಿ ಕವಡೆ ಎಷ್ಟು ಅಂತ ಕೇಳ್ತಾನೆ, ಎದುರಿನೋನು ಸುಮ್ನೆ "ಐದು" ಅಂತಾನೆ, ಐದೇ ಇರತ್ತೆ. ಇದನ್ನ ಗೆಟಿಯರ್ ಕೇಸ್ ಅಂತ ಬರೆದ್ರೆ ತಪ್ಪು. ಇಲ್ಲಿ ಆಧಾರವೇ ಇಲ್ಲ, ಮೂರನೇ ಷರತ್ತಲ್ಲೇ ಬಿದ್ದು ಹೋಗತ್ತೆ, ಪಂಚಾವಯವಕ್ಕೆ ಹಾಕೋಕೆ ಹೋದ್ರೆ ಹೇತುವಿನ ಜಾಗ ಖಾಲಿ. ಕವಡೆ ಪೆಟ್ಟು ಕೊಡೋದು "ಇದ್ದದ್ದನ್ನ ಇದ್ದ ಹಾಗೆ ತಿಳಿಯೋದೇ ಪ್ರಮೆ (ಸರಿಯಾದ ಜ್ಞಾನ)" ಅನ್ನೋ ಲಕ್ಷಣಕ್ಕೆ.

ಶಾರ್ಟ್‌ಕಟ್ ಕೈ ಕೊಡೋ ಜಾಗ

ನಿಂತ ಗಡಿಯಾರ (ರಸೆಲ್, 1948): ಗಡಿಯಾರ ನಿಂತು ಹೋಗಿದೆ, ಅದು ತೋರಿಸೋ ಟೈಮೇ ನಿಜವಾದ ಟೈಮ್ ಆಗಿರೋ ಹೊತ್ತಲ್ಲೇ ನೀವು ನೋಡಿದ್ರಿ. ಇಲ್ಲಿ ಯಾರೂ "ಈ ಗಡಿಯಾರ ಓಡ್ತಿದೆ" ಅಂತ ಮನಸ್ಸಲ್ಲಿ ಹೇಳ್ಕೊಳ್ಳಲ್ಲ, ಆದ್ರೂ ಉಪನಯ ಬಿಡಿಸಿ ಬರೆದ್ರೆ ಅದು ಎದ್ದು ಕಾಣತ್ತೆ, ಹೊಟ್ಟೇಲಿ ಸುಳ್ಳು ಸಿಗತ್ತೆ. ಸರಿ, ಇದು ಒಗ್ಗತ್ತೆ.

ಒಗ್ಗದೇ ಇರೋದು ಕಣಜದ ಕೇಸ್. ಆಲ್ವಿನ್ ಗೋಲ್ಡ್‌ಮನ್ 1976ರಲ್ಲಿ ಬರೆದಿದ್ದು, ಮೂಲ ಐಡಿಯಾ ಕಾರ್ಲ್ ಜಿನೆಟ್‌ದು. ಹೆನ್ರಿ ಕಾರಲ್ಲಿ ಹೋಗ್ತಾ ಹೊಲದಲ್ಲಿ ಕಾಣೋ ಕಟ್ಟಡ ನೋಡಿ "ಅದು ಕಣಜ" ಅಂತಾನೆ. ಅದು ಅಸಲಿ ಕಣಜವೇ. ಆದ್ರೆ ಆ ಸೀಮೆ ತುಂಬಾ ಸಿನಿಮಾ ಸೆಟ್ ಥರ ಬರೀ ಮುಂದಿನ ಗೋಡೆ ಮಾತ್ರ ಇರೋ ನಕಲಿ ಕಣಜಗಳು, ಅದು ಅವನಿಗೆ ಗೊತ್ತಿಲ್ಲ. ಅವನು ಕಂಡಿದ್ದೂ ನಿಜ, ಅಂದಿದ್ದೂ ನಿಜ, ಎಲ್ಲಾ ನಿಜ, ಹೊಟ್ಟೆ ಎಷ್ಟು ತಡಕಿದ್ರೂ ಸುಳ್ಳಿಲ್ಲ. ಆದ್ರೂ ಗೊತ್ತು ಅನ್ನೋಕೆ ಬಾಯಿ ಬರಲ್ಲ, ಪಕ್ಕದ ನಕಲಿ ಕಂಡಿದ್ರೂ ಅದನ್ನೇ ಅಂತಿದ್ದ. ಗೋಲ್ಡ್‌ಮನ್ ಪ್ರಕಾರ ಅವನಲ್ಲಿ ಇಲ್ಲದೇ ಇರೋದು ಅಸಲಿ ನಕಲಿ ಬೇರೆ ಮಾಡೋ ಶಕ್ತಿ. ರಾಬರ್ಟ್ ನೋಜಿಕ್ 1981ರಲ್ಲಿ ಇಂಥದ್ದಕ್ಕೇ ಒಂದು ಪ್ರಶ್ನೆ ಕೊಟ್ಟ: ಆ ಮಾತು ಸುಳ್ಳಾಗಿದ್ರೆ ನೀನು ಅದನ್ನ ನಂಬ್ತಿರ್ಲಿಲ್ವಾ? ಸ್ಕೂಟರಿಗೆ ಹಾಕಿ ನೋಡಿ, ಅಂಕಲ್ ಮನೇಲಿ ಇಲ್ದೇ ಇದ್ದಿದ್ರೂ ಷಡ್ಡಕನ ಗಾಡಿ ಅಲ್ಲೇ ನಿಂತಿರ್ತಿತ್ತು, ನೀವು ಅಮ್ಮಂಗೆ "ಇದ್ದಾರೆ" ಅಂತಲೇ ಅಂತಿದ್ರಿ. ಫೇಲ್.

ಬಿಸಿಲ್ಗುದುರೆ ಮತ್ತೆ ಮಳಖೇಡದೋರು

ನ್ಯಾಯದಲ್ಲಿ ಪ್ರಾಮಾಣ್ಯ ಪರತಃ, ಅಂದ್ರೆ ನನ್ನ ಜ್ಞಾನ ಸರೀನಾ ಅನ್ನೋದು ಗೊತ್ತಾಗೋದು ಬೇರೆ ಕಡೆಯಿಂದ, ಮುಖ್ಯವಾಗಿ ಕೆಲಸ ಕೈಗೂಡಿದ್ರಿಂದ. ನೀರು ಕಂಡ್ತು, ಹೋದೆ, ಕುಡಿದೆ, ಬಾಯಾರಿಕೆ ಹೋಯ್ತು, ಹಾಗಾದ್ರೆ ಕಂಡಿದ್ದು ಸರಿ. ಈಗ ಧರ್ಮೋತ್ತರನ ಇನ್ನೊಂದು ಉದಾಹರಣೆ ತನ್ನಿ: ಬಿಸಿಲ್ಗುದುರೆ ನೋಡಿ ನೀರು ಅಂದ್ಕೊಂಡು ಹೋಗ್ತಾನೆ, ಅಲ್ಲಿ ಬಂಡೆ ಕೆಳಗೆ ನಿಜವಾದ ನೀರು ಇರತ್ತೆ. ಕುಡೀತಾನೆ. ಟೆಸ್ಟ್ ಪಾಸ್, ಜ್ಞಾನ ಮಾತ್ರ ಭ್ರಮೆ. ನನಗನ್ಸೋ ಉತ್ತರ, ಅವನಿಗೆ ಕಂಡಿದ್ದು "ಆ ಹೊಳೀತಿರೋದು ನೀರು" ಅಂತ, ಪಾಸಾಗಿದ್ದು "ಅಲ್ಲಿ ನೀರಿದೆ" ಅನ್ನೋದು. ಮತ್ತೆ ಅದೇ ಆಟ ನೋಡಿ, ಜೋನ್ಸ್ ಹೆಸರು ಉದುರಿದ ಹಾಗೆ ಇಲ್ಲಿ "ಆ ಹೊಳೀತಿರೋದು" ಉದುರಿದೆ.

ದ್ವೈತದಲ್ಲಿ ದಾರಿ ಬೇರೆ. ಮಧ್ವರ ಪ್ರಮಾಣಲಕ್ಷಣ ಅನ್ನೋ ಗ್ರಂಥ ಶುರುವಾಗೋದೇ "ಯಥಾರ್ಥಂ ಪ್ರಮಾಣಮ್" (ಇದ್ದದ್ದನ್ನ ಇದ್ದ ಹಾಗೆ ತಿಳಿಸೋದು ಪ್ರಮಾಣ) ಅಂತ, ಆಧಾರದ ಮಾತೇ ಇಲ್ಲ. ಇದನ್ನ 14ನೇ ಶತಮಾನದಲ್ಲಿ ಬಿಡಿಸಿ ಬರೆದೋರು ಜಯತೀರ್ಥರು, ಬೃಂದಾವನ ಮಳಖೇಡದಲ್ಲಿ ಅಂತ ಹೇಳೋ ಟೀಕಾಚಾರ್ಯರು. ಇಲ್ಲಿ ಪ್ರಾಮಾಣ್ಯ ಸ್ವತಃ, ಅಂದ್ರೆ ಜ್ಞಾನ ಸರಿ ಅನ್ನೋದಕ್ಕೆ ಹೊರಗಿನ ಟೆಸ್ಟ್ ಬೇಡ, ಅದನ್ನ ಹಿಡಿಯೋದು ಸಾಕ್ಷಿ, ಒಳಗಿರೋ ಅರಿವು. ಹಾಗಾಗಿ ಕವಡೆ ಕೇಸ್ ಇವರಿಗೆ ದೊಡ್ಡ ತಲೆನೋವಲ್ಲ ಅನ್ಸತ್ತೆ, ಅಂದಾಜು ಹೊಡೆಯೋನಿಗೆ ಒಳಗೆ "ಇರಬಹುದು" ಅಂತಿರತ್ತೆ ಹೊರತು ನಿಶ್ಚಯ ಇರಲ್ಲ. ತಲೆನೋವು ಸ್ಕೂಟರ್‌ದು, ಅಲ್ಲಿ ನಿಶ್ಚಯ ಪೂರ್ತಿ ಇದೆ, ಕಿಟಕಿಯಿಂದ ನೋಡ್ದೋನಿಗೆ ಎಳ್ಳಷ್ಟೂ ಅನುಮಾನ ಇಲ್ಲ. ಮಾರ್ಕ್ಸ್ ಬೇಕಿದ್ರೆ ಈ ವ್ಯತ್ಯಾಸ ಒಂದು ಪ್ಯಾರಾ ಬರೀರಿ.

ಗೆಟಿಯರ್ ಲೇಖನದ ಎರಡನೇ ಕೇಸನ್ನ ನಾನು ಬಿಟ್ಟಿದೀನಿ, ಶಾರ್ಟ್‌ಕಟ್ ಪ್ರಾಕ್ಟೀಸಿಗೆ ನೀವೇ ಮಾಡಿ. ಜೋನ್ಸ್ ಹತ್ರ ಫೋರ್ಡ್ ಕಾರಿದೆ ಅಂತ ನಂಬೋಕೆ ಸ್ಮಿತ್‌ಗೆ ಒಳ್ಳೆ ಆಧಾರ ಇದೆ. ಬ್ರೌನ್ ಅನ್ನೋ ಸ್ನೇಹಿತ ಎಲ್ಲಿದ್ದಾನೋ ಅವನಿಗೆ ಗೊತ್ತೇ ಇಲ್ಲ. ಸುಮ್ನೆ ಒಂದು ಊರು ಆರಿಸ್ಕೊಂಡು "ಜೋನ್ಸ್ ಹತ್ರ ಫೋರ್ಡ್ ಇದೆ, ಇಲ್ಲಾ ಬ್ರೌನ್ ಬಾರ್ಸಿಲೋನಾದಲ್ಲಿದ್ದಾನೆ" ಅಂತ ತೀರ್ಮಾನ ಮಾಡ್ತಾನೆ. ಜೋನ್ಸ್ ಓಡಿಸ್ತಿರೋದು ಬಾಡಿಗೆ ಕಾರು, ಬ್ರೌನ್ ನಿಜವಾಗ್ಲೂ ಬಾರ್ಸಿಲೋನಾದಲ್ಲೇ ಇದ್ದಾನೆ. ಇಲ್ಲಿ ಯಾವ ಹೆಸರೂ ಉದುರಲ್ಲ, ಬದಲಿಗೆ "ಇಲ್ಲಾ" ಅಂತ ಒಂದು ಸೇರ್ಕೊಳತ್ತೆ. ತೂತು ಎಲ್ಲಿದೆ ಅಂತ ಹುಡುಕಿ.